ಸುಜಾತಾಳ ದನಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯ ಟೇಪ್ ರೆಕಾರ್ಡರನ್ನು ಕುರ್ಲಾದಲ್ಲಿ ನಾನು ಕಲಿಸುತ್ತಿದ್ದ ಕನ್ನಡ ಶಾಲೆಗೆ ಒಯ್ದೆ. ಚಾಳಿನಲ್ಲಿ ಇಡೀ ದಿನ ಹಿಂದಿ ಆಡುವ ಮಕ್ಕಳು ತಮ್ಮ ಕನ್ನಡ ಓದನ್ನು ತಾವೇ ಕೇಳಿ ತಿದ್ದಿಕೊಳ್ಳಲಿ ಎಂದು.

ಐದನೆಯ ತರಗತಿಯ ಸುಜಾತಾ ತೊದಲುತ್ತಿದ್ದಳು. ಒಮ್ಮೆ ಊಟದ ಬಿಡುವಿನಲ್ಲಿ ಹುಡುಗರು ಅವಳ ಓದನ್ನು ಮತ್ತೆ ಮತ್ತೆ ಹಾಕಿ ನಕ್ಕರು. ಅಂದಿನಿಂದ ಅವಳು ಬಾಯಿ ತೆರೆಯಲಿಲ್ಲ. ಆಗ ನಾನೊಂದು ನಿಯಮ ಮಾಡಿದೆ: ದನಿ ಯಾರದೋ ಅವರ ಒಪ್ಪಿಗೆಯಿಲ್ಲದೆ ಯಾರೂ ಟೇಪ್ ಹಾಕಬಾರದು. ನಮ್ಮವರ ದನಿಯಿದ್ದ ಒಂದೇ ಕ್ಯಾಸೆಟ್ಟನ್ನು ನಾನೇ ಇನ್ನೂ ಹಾಕಿರಲಿಲ್ಲ.

ಸ್ವಲ್ಪ ದಿನಕ್ಕೆ ಶಾಲಾ ಇನ್‌ಸ್ಪೆಕ್ಟರ್ ಬಂದರು. "ನೋಡ್ರಿ ಸಾಹೇಬ್ರ, ನಾವು ಮಷೀನ್ ಇಟ್ಟು ಕಲಸ್ತೀವಿ," ಎಂದು ಹೆಡ್‌ಮಾಸ್ಟರು ಗುಂಡಿಯ ಮೇಲೆ ಬೆರಳಿಟ್ಟರು. ಒಳಗಿದ್ದದ್ದು ಸುಜಾತಾಳ ಓದು.

"ಪರ್ಮಿಶನ್ ತಗೋಬೇಕು, ಸರ್," ಎಂದ ರಮೇಶ. ಅಂದು ಎಲ್ಲರಿಗಿಂತ ಮೊದಲು ನಕ್ಕವನು ಅವನೇ.

"ಯಾರ ಪರ್ಮಿಶನ್ನೋ? ಹೆಡ್‌ಮಾಸ್ಟರ್ ನಾನಽ ಅಲ್ಲೇನು?"

"ಸುಜಾತಾಂದು, ಸರ್. ಆವಾಜ್ ಅವಳದು."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳ ಕಡೆ ತಿರುಗಿ, "ಹಾಕಲೇನಮ್ಮಾ?" ಎಂದು ಕೇಳಿದರು.

ಅವಳು ಬೇಡವೆಂದು ತಲೆಯಾಡಿಸಿದಳು. ಹೆಡ್‌ಮಾಸ್ಟರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವಳೇ ಪುಸ್ತಕ ಹಿಡಿದು ಎದ್ದಳು.

"ಅದು ಹ... ಹಳೇದು, ಸರ್. ಈಗ ಓದ್ತೀನಿ."

ತಡವರಿಸುತ್ತಲೇ ಇಡೀ ಪುಟ ಓದಿದಳು. ಯಾರೂ ನಗಲಿಲ್ಲ, ರಮೇಶನಂತೂ ಅಕ್ಕಪಕ್ಕದವರನ್ನು ಕಾವಲುಗಾರನ ಹಾಗೆ ನೋಡುತ್ತಿದ್ದ.

ಇನ್‌ಸ್ಪೆಕ್ಟರ್ ಹೋದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆದರು. "ಟೀಚರ್, ಆ ನಿಯಮ ಹೆಡ್‌ಮಾಸ್ಟರಿಗೂ ಲಾಗೂ ಏನ್ರಿ?"

"ಮಕ್ಕಳನ್ನ ಕೇಳಿ ಹೇಳ್ತೀನಿ, ಸರ್," ಎಂದೆ.