ಬೆನ್ನಿನ ಮೇಲಿನ ಕೆಮ್ಮಣ್ಣು

ಲಾಂಡ್ರಿಯವರ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತಾರು ವರ್ಷ ಗಂಜಿ ಹಾಕಿದ ಬಿಳಿ ಬಟ್ಟೆಯನ್ನು ಹಿಡಿದು ಎಳೆದು, ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಆಡಿಸಿ, ಆ ತುದಿಗಳು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. ಸಿಮ್ ಕಾರ್ಡಿಗೂ ಬೆರಳಚ್ಚು ಬೇಕೆಂಬ ನಿಯಮ ಬಂದಾಗ ಮೊಬೈಲ್ ಅಂಗಡಿಯ ಸಣ್ಣ ಯಂತ್ರ ಅವರನ್ನು ಏಳು ಬಾರಿ ತಿರಸ್ಕರಿಸಿತು. ಎಂಟನೆಯ ಬಾರಿ ಎಡಗೈಯ ಕಿರುಬೆರಳನ್ನು ಒತ್ತಿದಾಗ ಹಸಿರು ದೀಪ ಹತ್ತಿತು. "ನೋಡಿ ಮಾಷ್ಟ್ರೇ, ನಾನು ಉಂಟು ಅಂತ ಹೇಳ್ಲಿಕ್ಕೆ ಇದೊಂದೇ ಉಳಿದದ್ದು" ಎಂದು ಆ ಬೆರಳನ್ನು ಅವರು ನನಗೆ ಎತ್ತಿ ತೋರಿಸಿದರು.

ನಾನು ಮಾಷ್ಟ್ರಲ್ಲ. ಐದನೆಯ ತರಗತಿಗೆ ಶಾಲೆ ಬಿಟ್ಟು ಹಂಚಿನ ಕಾರ್ಖಾನೆ ಸೇರಿದವನು. ಅಲ್ಲಿ ನನ್ನ ಬಲಗೈಯ ತೋರುಬೆರಳಿನ ಮೇಲಿನ ಗೆಣ್ಣನ್ನು ಕಳೆದುಕೊಂಡೆ. ಆ ಬಳಿಕ ಕಲಿತದ್ದೆಲ್ಲ ರದ್ದಿಯಂಗಡಿಯಿಂದ ತೂಕಕ್ಕೆ ತಂದ ಪುಸ್ತಕಗಳಿಂದ. ಸೌದಿಯ ಹಫ್ರ್ ಅಲ್ ಬಾತಿನ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದ ನನ್ನನ್ನು, ಓದುತ್ತೇನೆ ಮತ್ತು ಎಲ್ಲರೊಡನೆ ವಾದಿಸುತ್ತೇನೆ ಎಂಬ ಎರಡು ಕಾರಣಗಳಿಗಾಗಿ ಅವರು ಮಾಷ್ಟ್ರೇ ಎನ್ನುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ಹಿರಿಯರು, ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿಯಾದ್ದರಿಂದ ನಮ್ಮಿಬ್ಬರ ನಡುವಿನ ಮಾತು ಕನ್ನಡದಲ್ಲಿ ನಡೆಯುತ್ತಿತ್ತು. ಊರಿನ ಹುಡುಗರು ಅವರನ್ನು ಕಾಕ ಎನ್ನುತ್ತಿದ್ದರು. ನಾನು ಲಾಂಡ್ರಿಯವರೇ ಎಂದಷ್ಟೇ ಕರೆಯುತ್ತಿದ್ದೆ.

ಗ್ಯಾರೇಜಿನಿಂದ ಮೂರನೆಯ ಅಂಗಡಿ ಅವರದು. ಗಿರಾಕಿಗಳಲ್ಲಿ ಹೆಚ್ಚಿನವರು ಸ್ಥಳೀಯ ಅರಬರು. ತಲೆಗೆ ಹೊದೆಯುವ ಗುತ್ರಾದ ನಡುಮಡಿಕೆ ಹಣೆಯ ಮೇಲೆ ಕತ್ತಿಯ ಬಾಯಂತೆ ನಿಲ್ಲಬೇಕೆಂದು ಪಟ್ಟು ಹಿಡಿಯುವ ಜನ. ಆ ಮಡಿಕೆ ಹಾಕುವುದರಲ್ಲಿ ಲಾಂಡ್ರಿಯವರಿಗೆ ಸಮಾನರು ಆ ಬೀದಿಯಲ್ಲಿರಲಿಲ್ಲ. ಆದರೆ ನಾನು ದಿನಾಲೂ ಅಲ್ಲಿಗೆ ಹೋಗುತ್ತಿದ್ದುದು ಅವರ ಇನ್ನೊಂದು ವಿದ್ಯೆಗಾಗಿ. ಅವರು ಕೊಳೆಯನ್ನು ಓದುತ್ತಿದ್ದರು.

ಪರಿಚಯವಾದ ಹೊಸತರಲ್ಲೇ ನನ್ನ ಅಂಗಿಯನ್ನು ದೀಪಕ್ಕೆ ಹಿಡಿದು, ನಿಮ್ಮ ಎಲ್ಲ ಅಂಗಿಗಳಲ್ಲೂ ಎರಡನೆಯ ಗುಂಡಿಯ ತೂತೇ ಮೊದಲು ಹರಿಯುತ್ತದಲ್ಲ, ಎಂತಕ್ಕೆ ಎಂದು ಕೇಳಿದ್ದರು. ನನಗೆ ತಿಳಿದಿರಲಿಲ್ಲ. ತೋರುಬೆರಳು ಗಿಡ್ಡವಾದ್ದರಿಂದ ನಾನು ಹೆಬ್ಬೆರಳಿನಿಂದ ಗುಂಡಿಯನ್ನು ತಳ್ಳುತ್ತೇನೆ, ಕುತ್ತಿಗೆಯ ಗುಂಡಿ ಹಾಕದವನಾದ್ದರಿಂದ ಆ ತಳ್ಳುವಿಕೆಯ ಮೊದಲ ರಭಸವೆಲ್ಲ ಎರಡನೆಯದರ ಮೇಲೆ ಬೀಳುತ್ತದೆ ಎಂದು ಅವರೇ ವಿವರಿಸಿದರು. ಮೂವತ್ತು ವರ್ಷದಿಂದ ಅಂಗಿ ತೊಡುತ್ತಿದ್ದ ನನಗೆ ನನ್ನ ಕೈ ಏನು ಮಾಡುತ್ತಿದೆಯೆಂದು ಆ ದಿನ ಗೊತ್ತಾಯಿತು. ಯಾರೋ ಹೇಳಿದ್ದನ್ನು ನಂಬದೆ ವಸ್ತುವನ್ನೇ ವಿಚಾರಿಸುವ ಇಂಥ ಮನುಷ್ಯನನ್ನು ನಾನು ಹುಡುಕುತ್ತಿದ್ದೆ ಎಂದರೂ ಸರಿಯೇ.

ಈಗ ಒಂದು ಫುಟ್ಬಾಲ್ ಫೈನಲಿನ ವಿಷಯ. ಚಳಿಗಾಲದ ಶುಕ್ರವಾರಗಳಲ್ಲಿ ಊರ ಹೊರಗಿನ ಬಯಲಲ್ಲಿ ನಮ್ಮ ಕರಾವಳಿಯ ಹುಡುಗರು, ಮಲಯಾಳಿಗಳು, ಹೈದರಾಬಾದಿನವರು ತಂಡ ಕಟ್ಟಿಕೊಂಡು ಆಡುತ್ತಿದ್ದರು. ನಮ್ಮ ತಂಡದ ಖರ್ಚನ್ನು ಟೈಲ್ಸ್ ಅಂಗಡಿಯ ಯಜಮಾನರು ವಹಿಸಿಕೊಂಡಿದ್ದರು. ಆ ವರ್ಷ ತಂಡದಲ್ಲಿ ಎಂಟನೆಯ ನಂಬರಿನ ಅಂಗಿ ತೊಟ್ಟ ಒಬ್ಬ ಯುವಕನಿದ್ದ. ಇಪ್ಪತ್ತೆರಡು ವರ್ಷ, ಉಳ್ಳಾಲದವನು. ಮೈದಾನದ ನಡುವೆ ನಿಂತು ಚೆಂಡನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಜಾಗ ಅವನದು. ಅವನನ್ನು ದುಡಿಸುತ್ತಿದ್ದ ಕಂಪನಿ ಬಾಗಿಲು ಹಾಕುತ್ತಿತ್ತು. ಒಂದು ತಿಂಗಳೊಳಗೆ ವೀಸಾಕ್ಕೆ ಜವಾಬ್ದಾರನಾಗುವ ಬೇರೆ ಕಫೀಲ್ ಸಿಗದಿದ್ದರೆ ಅವನು ಊರಿಗೆ ಮರಳಬೇಕಿತ್ತು. ಯಜಮಾನರು, ಹುಡುಗ ಫೈನಲನ್ನು ಗೆದ್ದುಕೊಟ್ಟರೆ ನನ್ನ ಕಫೀಲ್‌ಗೆ ಹೇಳಿ ಅವನ ವಾಸದ ಪರವಾನಗಿ ಇಕಾಮಾವನ್ನು ಬದಲಾಯಿಸಿಕೊಳ್ಳುತ್ತೇನೆ, ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದರು. ಮನುಷ್ಯನ ಅನ್ನವನ್ನು ಚೆಂಡಿಗೆ ಕಟ್ಟುವುದು ನನಗೆ ಸರಿಯೆನಿಸಿರಲಿಲ್ಲ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ.

ನಾವು ಗೆದ್ದೆವು. ಒಂದು ಗೋಲಿಗೆ ಸೊನ್ನೆ. ಗೊಂದಲವಾದದ್ದು ಆ ಒಂದು ಗೋಲಿನ ವಿಷಯದಲ್ಲಿ. ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಪಶ್ಚಿಮದಿಂದ ಧೂಳಿನ ಗಾಳಿ ಎದ್ದಿತು. ನಾನು ಎದುರಾಳಿಗಳು ಕಾಯುತ್ತಿದ್ದ ಪೂರ್ವದ ಗೋಲಿನ ಹಿಂದೆ ನೆಲದ ಮೇಲೆ ಕೂತಿದ್ದೆ. ಬಯಲಿನ ಮಣ್ಣೆಲ್ಲ ಬಿಳಿಚಾದದ್ದು. ಪೂರ್ವದ ಗೋಲಿನ ಬಳಿ ಮಾತ್ರ ಗುಂಡಿ ಮುಚ್ಚಲು ಒಂದು ಲಾರಿ ಕೆಮ್ಮಣ್ಣು ಸುರಿದು, ಬೆಳಿಗ್ಗೆ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ನಾನು ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡೆ. ಬಲೆ ಅಲುಗಿದ ಸದ್ದು, ಕೂಗು, ಸ್ವಲ್ಪ ಹೊತ್ತಿಗೆ ಆಟ ಮುಗಿದ ಸೀಟಿ. ನನಗೆ ತಿಳಿದಂತೆ ಆಮೇಲೆ ನಾನು ಎದ್ದು ಬಟ್ಟೆ ಕೊಡವಿಕೊಂಡು ನೇರ ಪಿಕಪ್‌ಗೆ ಹೋಗಿ ಕೂತೆ.

ಸಂಜೆ ಅಂಗಿ, ಕಾಲುಚೀಲಗಳ ಗಂಟು ಲಾಂಡ್ರಿಗೆ ಬಂದಾಗ ಜನವೂ ಹಿಂದೆಯೇ ಬಂದರು. ಸೋತವರು ಜಗಳವಾಡುವುದನ್ನು ನೋಡಿದ್ದೆ. ಗೆದ್ದವರು ಅದಕ್ಕಿಂತ ಜೋರಾಗಿ ಆಡಬಲ್ಲರೆಂದು ಅಂದೇ ಕಂಡದ್ದು. ನೀರಿನ ಟ್ಯಾಂಕರ್ ಓಡಿಸುವ ನಮ್ಮವನೊಬ್ಬ, ಎಂಟನೆಯವನು ಮೂವರನ್ನು ದಾಟಿ ಎಡಗಾಲಿನಿಂದ ಹೊಡೆದದ್ದನ್ನು ಕಣ್ಣಾರೆ ಕಂಡೆನೆಂದ. ಎಲ್ಲರೂ ಗೋಲಿ ಎನ್ನುತ್ತಿದ್ದ ನಮ್ಮ ಗೋಲ್ ಕೀಪರ್ ನಕ್ಕುಬಿಟ್ಟ.

"ಎಡಗಾಲಾ? ಅವ ಎಡಗಾಲಲ್ಲಿ ಚಪ್ಪಲಿ ಸಹ ಸರಿ ಹಾಕುದಿಲ್ಲ ಮಾರಾಯ. ಇಡೀ ಆಟ ನಡುವೆ ನಿಂತು ಕೈ ತೋರಿಸಿದ್ದು ಬಿಟ್ರೆ ಎಂತ ಮಾಡಿದ್ದಾನೆ?"

"ನೀನು ಆಚೆ ಕೊನೆಯಲ್ಲಿ ಇದ್ದದ್ದು. ನಿನಗೆ ಹೇಗೆ ಕಂಡಿತು?"

"ನಿನಗೆ ಕಂಡ ಹಾಗೆಯೇ."

ಗೋಲಿಯ ಪ್ರಕಾರ ಹಿಂದಿನ ಸಾಲಿನವನೊಬ್ಬ ಗಾಳಿಗೆ ಎತ್ತಿ ಒದ್ದ ಚೆಂಡು ಎದುರಾಳಿಯ ಮೊಣಕಾಲಿಗೆ ತಾಗಿ ಒಳಗೆ ಹೋಗಿತ್ತು. ಮೂರನೆಯವನೊಬ್ಬ ಅದು ಹೊಡೆತವೇ ಅಲ್ಲ, ಗಾಳಿಯ ಕೆಲಸ ಎಂದ. ಪ್ರತಿಯೊಬ್ಬನ ಕಥೆಯೂ ಹೇಳಿದಷ್ಟು ಸಲ ಸ್ಪಷ್ಟವಾಗುತ್ತಾ ಹೋಯಿತು. ಎಂಟನೆಯವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದನೇ ಹೊರತು ಯಾರ ಮಾತನ್ನೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ನಾನು ಎದ್ದು, ಎಲ್ಲರಿಗಿಂತ ಹತ್ತಿರವಿದ್ದ ನಾನೇ ನೋಡಿಲ್ಲ, ಹಾಗಿರುವಾಗ ನಿಮ್ಮಲ್ಲಿ ಯಾರೂ ನೋಡಿರಲು ಸಾಧ್ಯವಿಲ್ಲ ಎಂದೆ. ಅವರೆಲ್ಲ ಆಗ ಒಂದಾಗಿ ನನ್ನ ಮೇಲೆ ತಿರುಗಿಬಿದ್ದರು. ಲಾಂಡ್ರಿಯವರು ಇಡೀ ಹೊತ್ತು ಒಂದು ಗುತ್ರಾಕ್ಕೆ ಗಂಜಿ ಸಿಂಪಡಿಸುತ್ತಿದ್ದರು.

ಯಜಮಾನರು ಆ ದಿನ ದಮ್ಮಾಮ್‌ನಲ್ಲಿದ್ದರು. ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡಿ, ಇವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನೀವು ಯಾರನ್ನೂ ಹೊಗಳುವವರಲ್ಲ, ಕಂಡದ್ದನ್ನು ಎರಡು ಸಾಲು ಬರೆದುಕೊಡಿ, ಅದರ ಮೇಲೆ ತೀರ್ಮಾನಿಸುತ್ತೇನೆ ಎಂದರು. ನಾನು ಬರೆದೆ: "ಗೋಲನ್ನು ಯಾರು ಹೊಡೆದರೆಂದು ನಾನು ನೋಡಿಲ್ಲ. ನೋಡಿದೆವೆನ್ನುವವರೂ ನೋಡಿಲ್ಲ." ಆ ಎರಡು ಸಾಲು ಹುಡುಗನನ್ನು ವಿಮಾನ ಹತ್ತಿಸುತ್ತವೆಂದು ನನಗೆ ಗೊತ್ತಿತ್ತು. ಆದರೂ ಕಾಣದ್ದನ್ನು ಕಂಡೆನೆಂದು ಬರೆಯುವ ಅಭ್ಯಾಸ ನನಗಿರಲಿಲ್ಲ, ಆ ವಯಸ್ಸಿನಲ್ಲಿ ಕಲಿಯುವ ಇಚ್ಛೆಯೂ ಇರಲಿಲ್ಲ.

ಮಧ್ಯಾಹ್ನ ಅಂಗಡಿಗಳು ಮುಚ್ಚಿರುವ ಹೊತ್ತಿನಲ್ಲಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಲಾಂಡ್ರಿಯವರಲ್ಲಿಗೆ ಹೋದೆ. ಅರ್ಧ ಎಳೆದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳನುಗ್ಗಿದಾಗ ಅವರು ಅನ್ನ ಮೀನುಸಾರು ಉಂಡು ಕೈ ತೊಳೆಯುತ್ತಿದ್ದರು. ಚೀಟಿಯನ್ನು ಓದಿ ಹೇಳಿದೆ. ಅವರು ಮೇಜಿನ ಕೆಳಗಿನಿಂದ ಒಗೆಯದ ಒಂದು ಅಂಗಿಯನ್ನು ತೆಗೆದರು. ಫೈನಲಿಗೆಂದೇ ಹೊಲಿಸಿದ್ದ ಹೊಸ ಬಿಳಿ ಅಂಗಿ, ಎಂಟನೆಯ ನಂಬರು. ಉಳಿದವೆಲ್ಲ ಒಗೆದು ಒಣಗಿದ್ದವು.

ಕಾಲುಚೀಲಗಳಿಂದ ಏನೂ ತಿಳಿಯುವುದಿಲ್ಲ, ಎರಡೂ ತಂಡಗಳು ಎರಡೂ ಕಡೆ ಆಡಿವೆ, ಎಲ್ಲವೂ ಕೆಂಪೇ ಎಂದರು. ಈ ಅಂಗಿಯ ಎದೆಯಲ್ಲಿ ಮಣ್ಣಿಲ್ಲ, ಆದ್ದರಿಂದ ಹುಡುಗ ಬಿದ್ದಿಲ್ಲ. ಆದರೆ ಬೆವರಿನ ಉಪ್ಪುಗೆರೆ ಸೊಂಟದವರೆಗೂ ಇಳಿದಿದೆ. ಅಷ್ಟು ಚಳಿಯಲ್ಲಿ ನಿಂತವನಿಗೆ ಹೀಗಾಗುವುದಿಲ್ಲ. ಹಾಗಾದರೆ ಗೋಲು ಅವನದೇ ಎಂದು ಕೇಳಿದೆ. ಅದನ್ನು ಅಂಗಿ ಹೇಳುವುದಿಲ್ಲ ಎಂದು ಅವರು ಬೆನ್ನಿನ ಭಾಗವನ್ನು ಮೇಲೆ ಮಾಡಿ ಮೇಜಿನ ಮೇಲೆ ಹಾಸಿದರು.

ನಂಬರಿನ ಪಕ್ಕದಲ್ಲಿ ಕೆಮ್ಮಣ್ಣಿನ ಒಂದು ಕೈಯಚ್ಚು ಇತ್ತು. ಯಾರೋ ಎಳೆದದ್ದಾಗಿದ್ದರೆ ಬಟ್ಟೆ ಮುದುಡಿ ಅಚ್ಚು ಹರಡುತ್ತಿತ್ತು. ಇದು ಚಪ್ಪಟೆಯಾಗಿ, ಮೆಲ್ಲಗೆ ಇಟ್ಟ ಕೈ. ಗೆದ್ದ ಮೇಲೆ ಎಲ್ಲರೂ ಎಲ್ಲರನ್ನೂ ಅಪ್ಪಿಕೊಂಡಿದ್ದಾರೆ, ಇದರಿಂದ ಏನು ಸಿದ್ಧವಾಗುತ್ತದೆ ಎಂದು ನಾನು ವಾದ ತೆಗೆದೆ. ಅವರು ಅಂಗಿಯನ್ನು ನನ್ನ ಕಡೆಗೆ ಸರಿಸಿದರು.

"ಮಾಷ್ಟ್ರೇ, ನಿಮ್ಮ ಕೈ ಇಡಿ ಅದ್ರ ಮೇಲೆ."

ಇಟ್ಟೆ. ಅಂಗೈ ಅಂಗೈಗೆ ಕೂತಿತು. ಹೆಬ್ಬೆರಳು ಕೂತಿತು. ತೋರುಬೆರಳಿನ ಅಚ್ಚು ನನ್ನ ತೋರುಬೆರಳು ನಿಂತಲ್ಲೇ, ಒಂದು ಗೆಣ್ಣು ಮೊದಲೇ, ಮೊಂಡಾಗಿ ನಿಂತಿತ್ತು.

ನಾನು ಮೈದಾನದೊಳಗೆ ಕಾಲಿಟ್ಟಿರಲಿಲ್ಲ. ಬೇಕಾದರೆ ಆಣೆಯಿಟ್ಟು ಹೇಳುತ್ತಿದ್ದೆ. ಹಳೆಯ ಕಲೆಯಿರಬೇಕು ಎಂದೆ. ಅಂಗಿ ಹೊಸತು. ಬೇರೆ ಯಾರದೋ ಗಿಡ್ಡ ಬೆರಳಿರಬೇಕು ಎಂದೆ. ಅವರು ನನ್ನ ಬೆರಳನ್ನು ಹಿಡಿದು ಮತ್ತೆ ಅಚ್ಚಿನ ಮೇಲಿಟ್ಟರು. ಮೈದಾನ, ಧೂಳು, ಬೈರಾಸು, ಸೀಟಿ, ಪಿಕಪ್ ಎಂದು ಅನುಕ್ರಮವಾಗಿ ನೆನೆಯುತ್ತಾ ಹೋದೆ. ಸೀಟಿಗೂ ಪಿಕಪ್‌ಗೂ ನಡುವೆ ಏನೂ ಇರಲಿಲ್ಲ. ನೆನಪು ಅಳುಕಿಲ್ಲದೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಅಂಗಿ ಮಾತ್ರ ನಾನು ಕೆಮ್ಮಣ್ಣಿಗೆ ಕೈಯೂರಿ ಎದ್ದು, ಅರ್ಧ ಮೈದಾನ ನಡೆದು, ಆ ಹುಡುಗನ ಬೆನ್ನ ಮೇಲೆ ಕೈಯಿಟ್ಟಿದ್ದೇನೆ ಎನ್ನುತ್ತಿತ್ತು.

"ನೀವು ಅಷ್ಟು ಸುಲಭಕ್ಕೆ ಒಬ್ಬರ ಬೆನ್ನಿಗೆ ಕೈ ಇಡುವ ಜನ ಅಲ್ಲ," ಎಂದರು ಅವರು. "ಎಂತ ಕಂಡ್ರಿ ಅಂತ ನಂಗೆ ಗೊತ್ತಿಲ್ಲ. ಎಂತದ್ದೋ ಕಂಡಿದ್ದೀರಿ. ಅಷ್ಟು ಬರೀರಿ."

ಕಂಡದ್ದು ನೆನಪಿಲ್ಲದವನು ಏನೆಂದು ಬರೆಯಬೇಕು? ಅರ್ಧ ಗಂಟೆ ಅಲ್ಲೇ ಕೂತು, ಬಿಲ್ ಪುಸ್ತಕದ ಹಿಂಬದಿಯಲ್ಲಿ ಹೊಸದಾಗಿ ಬರೆದೆ: "ಗೋಲು ಹೊಡೆದವರನ್ನು ನೋಡಿದ ನೆನಪು ನನಗಿಲ್ಲ. ಆದರೆ ಆಟ ಮುಗಿದೊಡನೆ ನಾನು ಹೋಗಿ ಎಂಟನೆಯವನ ಬೆನ್ನ ಮೇಲೆ ಕೈಯಿಟ್ಟಿದ್ದೇನೆ. ಅದರ ನೆನಪೂ ನನಗಿಲ್ಲ. ಎರಡನೆಯದಕ್ಕೆ ಸಾಕ್ಷಿ ಉಂಟು. ತಾವು ಯೋಚಿಸಬೇಕು." ನನ್ನ ಜೀವನದಲ್ಲಿ ಅಷ್ಟು ಅಸ್ಪಷ್ಟವಾದ ಪತ್ರವನ್ನು ನಾನು ಬರೆದಿಲ್ಲ. ಲಾಂಡ್ರಿಯವರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಅಂಗಿಯನ್ನು ಬಕೆಟಿಗೆ ಹಾಕಿ ಸೋಪು ನೀರು ಬಿಟ್ಟರು.

ಯಜಮಾನರು ಓದಿ ಬಹಳ ಹೊತ್ತು ನಕ್ಕರಂತೆ. ಹುಡುಗನ ಇಕಾಮಾ ತಿಂಗಳು ತುಂಬುವ ಮೊದಲೇ ಬದಲಾಯಿತು. ಮುಂದಿನ ಎರಡು ವರ್ಷ ಅವನು ಹಗಲೆಲ್ಲ ಟೈಲ್ಸ್ ಎಣಿಸಿ, ಶುಕ್ರವಾರ ಎಷ್ಟು ಪಂದ್ಯ ಗೆದ್ದುಕೊಟ್ಟನೋ ಅಷ್ಟನ್ನೇ ಸೋತುಕೊಟ್ಟ. ಆ ಗೋಲಿನ ವಾದ ಮಾತ್ರ ಲಾಂಡ್ರಿಯಲ್ಲಿ ನಿಲ್ಲಲೇ ಇಲ್ಲ.

ನನ್ನ ಗುಣ ನನ್ನನ್ನು ಬಿಡಲಿಲ್ಲ. ಒಂದು ದಿನ ಹುಡುಗನನ್ನೇ ನಿಲ್ಲಿಸಿ, ನಿಜ ಹೇಳು, ಹೊಡೆದದ್ದು ಯಾರು ಎಂದು ಕೇಳಿದೆ. ಅವನು ಕಕ್ಕಾಬಿಕ್ಕಿಯಾದ.

"ನಿಮ್ಗೇ ಗೊತ್ತಿರ್ಬೇಕಲ್ಲ ಸರ್. ನಾನು ಹೊಡ್ದೆ, ಆಮೇಲೆ ಧೂಳು. ಚೆಂಡು ಎಲ್ಲಿ ಹೋಯ್ತು ನಂಗೂ ಕಾಣ್ಲಿಲ್ಲ. ನೀವು ಬಂದು ಬೆನ್ನಿಗೆ ಕೈ ಇಟ್ರಿ ಅಂತ, ಹೋ, ಒಳಗೆ ಹೋದದ್ದು ನಂದೇ ಇರ್ಬೇಕು ಅಂತ ಅಂದ್ಕೊಂಡೆ."

ಅವನು ನನ್ನ ಕೈಯನ್ನು ನಂಬಿದ್ದ, ನಾನು ಅವನ ಅಂಗಿಯನ್ನು ನಂಬಿದ್ದೆ. ಇಷ್ಟರಲ್ಲೇ ಇನ್ನೊಂದು ಅನುಮಾನ ನನ್ನ ತಲೆಗೆ ಹೊಕ್ಕಿತು. ನನ್ನ ತೋರುಬೆರಳಿನ ಅಳತೆ ಆ ಊರಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಲಾಂಡ್ರಿಯವರೊಬ್ಬರೇ. ಆ ಸಂಜೆ ಹದಿನಾಲ್ಕು ಜೊತೆ ಕಾಲುಚೀಲಗಳ ಕೆಮ್ಮಣ್ಣು ಅವರ ಕೈಯಲ್ಲಿತ್ತು. ಅವರ ಬೆರಳೊತ್ತಿದರೆ ಗೆರೆ ಮೂಡುವುದಿಲ್ಲ. ನಾನು ನೋಡಿದ ಅಚ್ಚಿನಲ್ಲಿ ಗೆರೆಗಳಿದ್ದವೇ? ಅಂಗಿ ಒಗೆದಾಗಿತ್ತು. ಬೆನ್ನಿಗೆ ಕೈಯಿಟ್ಟ ವಿಷಯವನ್ನು ಹುಡುಗನಿಗೆ ಹೇಳಿಕೊಟ್ಟವರೂ ಅವರೇ ಇರಬಹುದಲ್ಲ?

ನೇರವಾಗಿ ಕೇಳಿಯೇ ಬಿಟ್ಟೆ. ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ನನ್ನನ್ನು ಬೇಸರದಿಂದಲ್ಲ, ಒಂದು ಹಠಮಾರಿ ಕಲೆಯನ್ನು ನೋಡುವಂತೆ ನೋಡಿದರು.

"ಬರೆದ ಕೈ ನಿಮ್ಮದೇ ಅಲ್ವ ಮಾಷ್ಟ್ರೇ?" ಎಂದರು. ಮತ್ತೆ ಇಸ್ತ್ರಿಗೆ ತೊಡಗಿದರು.

ಮೊಣಕಾಲು ನಿಲ್ಲಲು ಬಿಡದಾದಾಗ ಅವರು ಊರಿಗೆ ಹೊರಟರು. ಹೋಗುವ ಹಿಂದಿನ ದಿನ ನನ್ನ ಆರು ಅಂಗಿಗಳ ಎರಡನೆಯ ಗುಂಡಿಯ ತೂತಿನ ಸುತ್ತ ದಪ್ಪ ದಾರದಿಂದ ಹೊಲಿದು ಕೊಟ್ಟರು. ಅವು ಈಗಲೂ ಹರಿದಿಲ್ಲ. ವರ್ಷ ಕಳೆಯುವುದರೊಳಗೆ ತೀರಿಕೊಂಡ ಸುದ್ದಿ ಬಂತು. ಬೆಳಗಿನ ನಮಾಜಿಗೆ ಕೈಕಾಲು ತೊಳೆಯುವಾಗ ಕುಸಿದರೆಂದು ಟ್ಯಾಂಕರಿನವನು ಹೇಳಿದ. ಆಸ್ಪತ್ರೆಯಲ್ಲಿ, ಮಗಳೊಡನೆ ಮಾತಾಡುತ್ತಿರುವಾಗಲೇ ಹೋದರೆಂದು ಗೋಲಿ ಹೇಳಿದ. ಇಬ್ಬರೂ ತಮ್ಮದೇ ನಿಜವೆಂದು ನನ್ನ ಮುಂದೆ ವಾದಕ್ಕಿಳಿದರು, ನಾನು ತೀರ್ಪು ಕೊಡಲೆಂದು ಕಾದರು. ನಾನು ಯಾರನ್ನೂ ಪ್ರಶ್ನಿಸಲಿಲ್ಲ. ಬಹಳ ಹೊತ್ತಿನ ಮೇಲೆ ನೋಡಿಕೊಂಡರೆ ನನ್ನ ಬಲಗೈ ಟ್ಯಾಂಕರಿನವನ ಬೆನ್ನ ಮೇಲಿತ್ತು. ಯಾವಾಗ ಇಟ್ಟೆನೋ ತಿಳಿಯದು.