ಕಣ್ಣು ಮುಚ್ಚಿದರೆ ಬೀಳುವವನು

ಬಾಯಿ ಮೂಸಿ ನೋಡಿದ್ದರೂ ಸಾಕಿತ್ತು. ಮೈಬೂಬಸಾಬನ ಸಿಟ್ಟು ಇವತ್ತಿಗೂ ಇಷ್ಟೇ. ಗಣಿಯೂರು ಕುಡಚಡೆಯ ಅದಿರು ಲಾರಿಗಳಲ್ಲಿ ಹರೆಯವನ್ನೆಲ್ಲ ಸವೆಸಿದ ಡ್ರೈವರ್ ಅವನು. ತೊಂಬತ್ಮೂರರ ಒಂದು ಮುಂಜಾನೆ ನಳದ ಮುಂದೆ ನಿಂತು ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ಕಡಿದ ಬಾಳೆಗಿಡದ ಹಾಗೆ ಮಗ್ಗುಲಿಗೆ ಉರುಳಿದ. ಲಾರಿ ಮಾಲಕ ಪಂಚಾಕ್ಷರಿ, ಧಾರವಾಡ ಕಡೆಯ ಸಾಹುಕಾರ, ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ.

"ಏನೋ ಮೈಬೂಬ, ನಸುಕಿನ್ಯಾಗ ಏರಿಸಿಯೇನು?" ಎಂದ. ಅಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ಮೈಬೂಬಸಾಬ ಎದ್ದು ಮಾಲಕನ ಕಾಲರಿಗೆ ಕೈ ಹಾಕಿದ. ಕಾಲು ಮತ್ತೆ ತಪ್ಪಿ ರಾಡಿಯಲ್ಲಿ ಕುಕ್ಕರಿಸಿದ. ಇನ್ನೇನು ಸಾಕ್ಷಿ ಬೇಕು? ಲಾರಿಯ ಕೀಲಿ ಹೋಯಿತು. ಹೆಂಡದ ಹನಿ ನಾಲಗೆಗೆ ಹಚ್ಚದವನಿಗೆ ಕುಡುಕ ಎಂಬ ಹೆಸರು ಬಂತು. ಸ್ಟೇಶನ್ನಿನ ಬಳಿ ಪಂಕ್ಚರ್ ತೆಗೆಯುತ್ತ ಕೂತ. ಕೂತು ಮಾಡುವ ಕೆಲಸ ಅದೊಂದೇ ಇತ್ತು.

ಕಾಲು ಕೈಕೊಡತೊಡಗಿದ್ದು ಅದಕ್ಕೂ ಮೊದಲೇ. ಪಾದ ಕ್ಲಚ್ಚಿನ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಅವನ ಅಪ್ಪ ಹತ್ತಿ ಹಿಂಜುವವ. ಚಿಕ್ಕಂದಿನಲ್ಲಿ ಅರಳೆಯ ರಾಶಿಯ ಮೇಲೆ ನಡೆದಾಗ ಆಗುತ್ತಿದ್ದ ಹಾಗೆ ಈಗ ಗಟ್ಟಿ ನೆಲವೂ ಕಾಲಡಿಯಲ್ಲಿ ಕುಸಿಯುತ್ತಿತ್ತು. ಕತ್ತಲಾದರೆ ಹೆಜ್ಜೆ ಎತ್ತಲು ಜೀವ ಹಾರುತ್ತಿತ್ತು. ಯಾರಿಗೂ ಹೇಳಲಿಲ್ಲ. ಎಂಜಿನ್ನಿನ ಕಾವು ಎಂದುಕೊಂಡ.

ಲಾರಿ ಲೈನಿನಲ್ಲಿ ಎಲ್ಲ ರೋಗಕ್ಕೂ ಎಂಜಿನ್ನಿನ ಕಾವೇ ಕಾರಣ. ಆಗಿನ ಲಾರಿಗಳಲ್ಲಿ ಎಂಜಿನ್ನು ಡ್ರೈವರನ ತೊಡೆಯ ಪಕ್ಕದಲ್ಲೇ ಕುದಿಯುತ್ತಿತ್ತು. ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿ ಓಡಿಸುತ್ತಿದ್ದರು. ಮೂತ್ರ ಉರಿದರೆ ಕಾವು, ಗುಳ್ಳೆ ಎದ್ದರೆ ಕಾವು, ಔಷಧ ಮೈ ತಂಪು ಮಾಡುವ ಹುಳಿ ಕೋಕಂ ನೀರು. ಎಂಬತ್ತರಲ್ಲಿ, ಮದುವೆಗೆ ಮುಂಚೆ, ವಾಸ್ಕೋ ಬಂದರಿನ ಕಡೆ ಒಬ್ಬಳ ಹತ್ತಿರ ಹೋಗಿಬಂದ ಮೇಲೆ ಅವನಿಗೆ ಗುಪ್ತ ಜಾಗದಲ್ಲಿ ಒಂದು ಹುಣ್ಣಾಗಿತ್ತು. ನೋವಿಲ್ಲ, ಉರಿಯಿಲ್ಲ. ಹಿರಿಯ ಡ್ರೈವರುಗಳು ಕೋಕಂ ನೀರು ಕುಡಿಸಿದರು. ಹುಣ್ಣು ಮಾಯಿತು. ಆಮೇಲೆ ಅಂಗೈಯಲ್ಲಿ ಎದ್ದ ಕಲೆಗಳೂ ಹೋದವು. ಕಾವು ಇಳೀತು ಎಂದರು, ಇವನೂ ನಂಬಿದ. ಮರುವರ್ಷ ಇಂಡಿ ಕಡೆಯ ಚಮನಬಿಯ ಜೊತೆ ನಿಕಾ ಆಯಿತು.

ಚಮನಬಿಯ ಮೊದಲ ಕೂಸು ಸತ್ತೇ ಹುಟ್ಟಿತು. ಎರಡನೆಯದೂ ಹಾಗೇ. ಬಾಣಂತನಕ್ಕೆ ಬಂದಿದ್ದ ಅತ್ತೆ ಹುಸೇನಬಿ, "ಹೊಟ್ಟ್ಯಾಗ ಗೋರಿ ಕಟ್ಟಿಕೊಂಡು ಬಂದಾಳ ಇಕಿ" ಎಂದಳು. ಆ ಮಾತು ಅಂಟಿಕೊಂಡಿತು. ಮದುಮಗಳಿಗೆ ಅರಿಶಿನ ಹಚ್ಚುವಾಗ ಅವಳನ್ನು ಹಿಂದೆ ಸರಿಸುತ್ತಿದ್ದರು, ಬಸುರಿಯರಿಗೆ ಬಳೆ ಇಡಿಸುವ ಮನೆಗೆ ಕರೆಯುತ್ತಲೇ ಇರಲಿಲ್ಲ. ಮೂರನೆಯದು ಬದುಕಿತು, ಅಖ್ತರಬಾನು. ಗೋರಿ ಹೊಟ್ಟೆಯವಳು ಎಂಬ ಹೆಸರು ಮಾತ್ರ ಅಳಿಯಲಿಲ್ಲ.

ಅಖ್ತರಬಾನುವಿಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಎಡಗಣ್ಣು ಕೆಂಪಾಗಿ ಸುರಿಯತೊಡಗಿತು. ಅದಿರಿನ ಧೂಳು ಎಂದು ಎಲ್ಲರೂ ಅಂದರು. ಬರಬರುತ್ತ ಕಣ್ಣಿನ ಕರಿಗುಡ್ಡೆಯ ಮೇಲೆ ಹಾಲು ಬೆರೆಸಿದ ನೀರಿನಂಥ ಮಬ್ಬು ಕವಿಯಿತು. ಬೆಳಕು ಬಿದ್ದರೆ ಹುಡುಗಿ ಚೀರುತ್ತಿದ್ದಳು, ಚಾದರ ಹೊದ್ದು ಮೂಲೆ ಹಿಡಿದಳು. ಅಪ್ಪನಿಗೆ ದೀಪವಿಲ್ಲದೆ ಹೆಜ್ಜೆ ಏಳದು, ಮಗಳಿಗೆ ದೀಪ ಕಂಡರಾಗದು. ಆ ಒಂದೇ ಕೋಣೆಯ ಮನೆಯಲ್ಲಿ ಸಂಜೆಯಾಯಿತೆಂದರೆ ಮೈಬೂಬಸಾಬ ದೀಪ ಹಚ್ಚಲೋ ಬೇಡವೋ ಎಂದು ಕಡ್ಡಿಪೆಟ್ಟಿಗೆ ಹಿಡಿದು ಕೂರುತ್ತಿದ್ದ.

ಮಡಗಾಂವದ ಡಾಕ್ಟರಮ್ಮ ಕಣ್ಣು ನೋಡಿ, ಆಮೇಲೆ ಬೆರಳಿನಿಂದ ಹುಡುಗಿಯ ಮೇಲ್ದುಟಿ ಎತ್ತಿದಳು. ಮುಂದಿನ ಎರಡು ಹಲ್ಲು ತುದಿಗೆ ಕಿರಿದಾಗಿ, ಅರ್ಧಚಂದ್ರದಂತೆ ಕಚ್ಚು ಬಿದ್ದಿದ್ದವು. ಮಗಳ ಬಾಯಲ್ಲಿ ಎರಡು ಚಂದ್ರ ಅದಾವ ಎಂದು ಅವನು ಹೆಮ್ಮೆಪಡುತ್ತಿದ್ದ ಹಲ್ಲುಗಳು. ಇದಕ್ಕೂ ಮುಂಚೆ ಕೂಸು ಸತ್ತಿದ್ದವೇ ಎಂದು ಆಕೆ ಹಿಂದಿಯಲ್ಲಿ ಕೇಳಿದಳು. ಹುಡುಗಿಯನ್ನು ಹೊರಗೆ ಕೂರಿಸಿ, ಹಳೆಯ ಹುಣ್ಣಿನ ವಿಚಾರ ಕೇಳಿದಳು. ಮೈಬೂಬಸಾಬ ಮೇಜು ಗುದ್ದಿ, ಕಣ್ಣು ತೋರಿಸಲು ಬಂದರೆ ಮಾನ ತೆಗೆಯುತ್ತೀರಾ ಎಂದು ಕೂಗಾಡಿದ. ಆಕೆ ಬಾಗಿಲು ಹಾಕಿ ಸಣ್ಣ ದನಿಯಲ್ಲಿ ಹೇಳಿದಳು. ಇದು ಸಿಫಿಲಿಸ್. ಸ್ಪ್ರಿಂಗಿನಂತೆ ಸುತ್ತಿಕೊಂಡ, ಕಣ್ಣಿಗೆ ಕಾಣದ ಹುಳ. ಹುಣ್ಣು ಮಾಯುತ್ತದೆ, ಹುಳ ಸಾಯುವುದಿಲ್ಲ. ಗಂಡನಿಂದ ಹೆಂಡತಿಗೆ, ಅವಳಿಂದ ಹೊಟ್ಟೆಯ ಕೂಸಿಗೆ. ನಾಳೆಯೇ ತಾಯಿಯನ್ನೂ ಕರೆದುಕೊಂಡು ಬಾ, ಮೂವರ ರಕ್ತ ನೋಡಬೇಕು, ಮಗುವನ್ನು ಇಲ್ಲಿಟ್ಟುಕೊಳ್ಳಬೇಕು. ತಡಮಾಡಿದರೆ ಇನ್ನೊಂದು ಕಣ್ಣೂ ಹೋದೀತು.

ಹೆಂಡತಿ ಊರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿ ಅವನು ಮಗಳನ್ನು ಎತ್ತಿಕೊಂಡು ಬಂದ. ಚಮನಬಿಗೆ, ಬರೀ ಧೂಳಂತ ಎಂದ. ಅವಳು ಗಂಜಿ ಕಾಯಿಸುವಾಗ ಬೆನ್ನು ನೋಡುತ್ತ ಕೂರುತ್ತಿದ್ದ. ಗೊತ್ತಾದರೆ ಇವಳು ಏನು ಮಾಡಿಯಾಳು? ಒಂದು ವಾರ ಹೀಗೇ ಹೋಯಿತು. ಬಲಗಣ್ಣೂ ಕೆಂಪಾಯಿತು. ಒಂದು ಸಂಜೆ ಕೈಯಳತೆಯಲ್ಲೇ ಕೂತಿದ್ದ ಅವನ ಕಡೆ ಮುಖ ತಿರುಗಿಸಿ ಹುಡುಗಿ ಕೇಳಿದಳು:

"ಅಪ್ಪಾ, ನೀವು ಎಲ್ಲಿ ಅದೀರಿ?"

ಮರುದಿನ ಮೊದಲ ಬಸ್ಸಿಗೆ ಮೂವರೂ ಹೊರಟರು. ನನ್ನನ್ಯಾಕ ಕರದಾರ ಎಂದು ಚಮನಬಿ ದಾರಿಯುದ್ದಕ್ಕೂ ಕೇಳಿದಳು. ಅವನು ಕಿಟಕಿಯಾಚೆಯ ಕೆಂಪು ಧೂಳು ನೋಡುತ್ತ ಕೂತ.

ರಕ್ತ ಕೊಟ್ಟು ಬಂದ ಮೇಲೆ ಡಾಕ್ಟರಮ್ಮ ಅವನಿಗೆ ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದಳು. ಅವನು ಮೇಜಿನ ಮೇಲೆ ಬಿದ್ದ. ಅದೇ ಹುಳದ ಕೆಲಸ, ಬೆನ್ನಹುರಿಯನ್ನು ತಿಂದಿದೆ, ಕಣ್ಣು ಮುಚ್ಚಿದರೆ ಕಾಲು ಎಲ್ಲಿದೆಯೆಂದು ಮೈಗೆ ತಿಳಿಯುವುದಿಲ್ಲ ಎಂದಳು. ಅಷ್ಟು ಭಯದ ನಡುವೆಯೂ ಅವನ ಮುಖ ಅರಳಿತು. "ಅಂದ್ರ ನಾ ಕುಡಿದಿರಲಿಲ್ಲ ಅಲ್ರೀ?" ಪಂಚಾಕ್ಷರಿಗೆ ತೋರಿಸಲು ಒಂದು ಚೀಟಿ ಬರೆದುಕೊಡಿ ಎಂದ. ಆಕೆ ಪೆನ್ನು ಎತ್ತಿದಾಗ ಹೊಳೆಯಿತು: ಚೀಟಿಯಲ್ಲಿ ರೋಗದ ಹೆಸರೂ ಇರುತ್ತದೆ. ಬೇಡ ಎಂದ.

ಸಂತೆಯಲ್ಲಿ ಹಿಂದಿ ಕಲಿತ ಚಮನಬಿ ಪಕ್ಕದಲ್ಲೇ ನಿಂತಿದ್ದಳು, ಡಾಕ್ಟರಮ್ಮ ಹೇಳಿದ್ದೆಲ್ಲ ಅವಳಿಗೆ ತಿಳಿಯಿತು. ಮೊದಲಿನ ಎರಡು ಕೂಸುಗಳೂ ಇದರಿಂದಲೇ ಹೋದವೇ ಎಂದಷ್ಟೇ ಕೇಳಿದಳು. ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದಳು.

ಮೂವರ ರಕ್ತದಲ್ಲೂ ಅದೇ ಇತ್ತು. ಪೆನಿಸಿಲಿನ್ ಸೂಜಿಗಳಾದವು, ಕಣ್ಣಿಗೆ ಹನಿ ಹಾಕಿದರು. ಮಬ್ಬು ತಿಳಿಯಾಗುವವರೆಗೆ ಅವನು ದಿನಾ ಮುಂಜಾನೆ ಮಗಳ ಮುಂದೆ ಬೆರಳು ಹಿಡಿದು, ಎಷ್ಟದಾವ ಹೇಳು ಎಂದು ಕೇಳುತ್ತಿದ್ದ. ಬಲಗಣ್ಣಿಗೆ ನೋಟ ಮರಳಿತು. ಎಡಗಣ್ಣಿನಲ್ಲಿ ಬೂದಿ ಬಣ್ಣದ ಕಲೆ ಉಳಿಯಿತು. ಅವನ ಕಾಲು ಹೋದದ್ದು ಹೋಯಿತು, ಕೋಲು ಬಂತು.

ಎಷ್ಟೋ ದಿನ ಮಾತು ಬಿಟ್ಟಿದ್ದ ಚಮನಬಿ ಒಂದು ಮಧ್ಯಾಹ್ನ, ಅವನು ಪಂಚಾಕ್ಷರಿಯನ್ನು ಬೈಯುತ್ತಿದ್ದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಕುಡುಕ ಅಂದದ್ದನ್ನ ನೀವು ಇನ್ನೂ ಮರ್ತಿಲ್ಲ. ನನಗ ಗೋರಿ ಅಂದಾರ. ನಿಮ್ಮವ್ವನ ಮುಂದ ಒಂದು ಮಾತು ಹೇಳ್ರಿ, ತಪ್ಪು ಆಕೀದಲ್ಲ ಅಂತ. ಮತ್ತೇನೂ ಕೊಡಬ್ಯಾಡ್ರಿ ನನಗ."

ಬಕ್ರೀದಿಗೆ ಊರಿಗೆ ಹೋದಾಗ ಹೇಳ್ತೇನಿ ಎಂದ. ಹೋದ. ಅವ್ವ ಅವನ ಕೋಲು ನೋಡಿ ಎದೆ ಬಡಿದುಕೊಂಡು, "ಆ ಗೋರಿ ಹೊಟ್ಟ್ಯಾಕಿ ನಿನ್ನ ಕಾಲೂ ತಿಂದಳೇನೋ" ಎಂದು ಅತ್ತಳು. ಅವನು ಬಾಯಿ ತೆರೆದ. ಸಾಹುಕಾರನ ಕಾಲರಿಗೆ ಕೈ ಹಾಕಿದವನು ಮುದುಕಿಯ ಮುಂದೆ ಕೋಲನ್ನು ಹಿಂದೆ ಸರಿಸಿ, ಊಟಕ್ಕೆ ಹಾಕು ಎಂದ. ವಾಪಸು ಬಂದು ಮುಂದಿನ ಸಲ ಎಂದ. ಅದರ ಮುಂದಿನ ಸಲವೂ ಅದನ್ನೇ ಹೇಳಿದ.

ತೊಂಬತ್ತೆಂಟರಲ್ಲಿ ಹುಸೇನಬಿ ತೀರಿಕೊಂಡಳು. ಮೈ ತೊಳೆದವಳು ಚಮನಬಿಯೇ. ಶವವಿಟ್ಟ ಜನಾಜಾ ಎತ್ತುವ ಮುಂಚೆ, ಸತ್ತವರ ಋಣ ಉಳಿಯದಂತೆ ಮಗನಾದವನು ಕೇಳಬೇಕಾದ ಮಾತೊಂದಿದೆ. ಮೈಬೂಬಸಾಬ ಕೋಲೂರಿ ಅಂಗಳದಲ್ಲಿ ನಿಂತು ಕೇಳಿದ: "ನಮ್ಮವ್ವ ಯಾರಿಗಾದ್ರೂ ಏನಾದ್ರೂ ಕೊಡೋದಿದ್ದರ ಹೇಳ್ರಿ, ನಾ ತೀರಸ್ತೇನಿ."

ಹೆಂಗಸರು ನಿಂತಿದ್ದ ಬಾಗಿಲಲ್ಲಿ ಚಮನಬಿ ಹಸಿ ಕೈಗಳನ್ನು ಸೆರಗಿಗೆ ಒರೆಸುತ್ತ ಅವನನ್ನೇ ನೋಡುತ್ತಿದ್ದಳು. ದುವಾ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು. ಅವನು ಮುಚ್ಚುವಂತಿರಲಿಲ್ಲ, ಮುಚ್ಚಿದರೆ ಬೀಳುತ್ತಾನೆ. ಅವಳ ಮುಖ ನೋಡುತ್ತಲೇ ನಿಂತ. ಜನಾಜಾ ಎತ್ತಿದರು.