ಹೂವಿನ ತಟ್ಟೆಯಲ್ಲಿ ಬಂಗುಡೆ ಸಾರು

ನನ್ನ ಗಂಡ ಸೌದಿಯ ಅಲ್ ಖರ್ಜ್‌ನ ಒಂದು ಡೇರಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅದರ ಮಾಲೀಕರ ತಾಯಿ ಮನೆ ಬದಲಿಸುವಾಗ ನಮಗೊಂದು ರಟ್ಟಿನ ಪೆಟ್ಟಿಗೆ ಕಳಿಸಿದರು. ಒಳಗೆ ಹನ್ನೆರಡು ಬಿಳಿ ಪಿಂಗಾಣಿ ತಟ್ಟೆಗಳು, ಮುಚ್ಚಳವಿರುವ ಒಂದು ದೊಡ್ಡ ಬೋಗುಣಿ. ಎಲ್ಲದರ ಮೇಲೂ ಗುಲಾಬಿ. ಆದರೆ ಒಂದರ ಹಾಗೆ ಇನ್ನೊಂದಿಲ್ಲ.

"ಎಂತ ಇದು, ಒಂದಕ್ಕೊಂದು ಜೋಡಿಯೇ ಆಗುವುದಿಲ್ಲ. ಮಾರಾಟವಾಗದೆ ಉಳಿದದ್ದಿರಬೇಕು" ಎಂದೆ. ತಟ್ಟೆಗಳಲ್ಲಿ ಬಂಗುಡೆ ಸಾರು ಉಂಡೆವು. ಬೋಗುಣಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರಲು ಇಟ್ಟೆ.

ಒಂದು ಶುಕ್ರವಾರ, ರಿಯಾದ್‌ನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಭಟ್ಕಳದ ಸ್ನೇಹಿತರೊಬ್ಬರು ಊಟಕ್ಕೆ ಬಂದರು. ಉಣ್ಣುತ್ತಿದ್ದವರು ಏನೋ ಅನುಮಾನ ಬಂದು ತಟ್ಟೆ ಮಗುಚಿ ಅಡಿಯ ಮುದ್ರೆ ನೋಡಿದರು. ಸಾರು ತೊಡೆಯ ಮೇಲೆ ಸುರಿದದ್ದೂ ಅವರಿಗೆ ತಿಳಿಯಲಿಲ್ಲ.

"ಅಕ್ಕಾ, ಇದು ಫ್ರಾನ್ಸಿನದ್ದು! ನೂರು ವರ್ಷಕ್ಕಿಂತ ಹಳತು. ಒಂದೊಂದು ಹೂವನ್ನೂ ಕೈಯಲ್ಲೇ ಬಿಡಿಸಿದ್ದಾರೆ. ಇದರಲ್ಲಿ ಯಾರಾದರೂ ಬಂಗುಡೆ ಹಾಕ್ತಾರಾ ಮಾರಾಯ್ರೆ?"

ಗಂಡ ಅಗಿಯುವುದನ್ನೇ ನಿಲ್ಲಿಸಿದರು. ಅಂದಿನಿಂದ ತಟ್ಟೆಗಳು ನಮ್ಮ ಎರಡೂ ಕಂಬಳಿ ಹೊದ್ದು ಕಪಾಟು ಸೇರಿದವು. ಚಳಿಗಾಲ ಬೇರೆ, ನಾವು ಸ್ವೆಟರ್ ಹಾಕಿಕೊಂಡು ಮಲಗಿದೆವು. ಬೋಗುಣಿಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಅದರಲ್ಲಿ ಉಬ್ಬಿದಷ್ಟು ಚೆನ್ನಾಗಿ ಹಿಟ್ಟು ಬೇರೆ ಯಾವುದರಲ್ಲೂ ಉಬ್ಬುತ್ತಿರಲಿಲ್ಲ. ಅಡುಗೆಮನೆಯಲ್ಲಿ ಟವೆಲ್ ಮುಚ್ಚಿ ಅಡಗಿಸಿಟ್ಟೆ.

ತಿಂಗಳ ಬಳಿಕ ತಟ್ಟೆ ಕೊಟ್ಟ ಆ ಅಜ್ಜಿಯೇ ನಮ್ಮನ್ನು ನೋಡಲು ಬಂದರು. ಒಡೆದೀತೆಂಬ ಭಯದಲ್ಲಿ ಗಂಡ ಕೋಳಿ ಸುಕ್ಕವನ್ನು ಕಾಗದದ ತಟ್ಟೆಯಲ್ಲಿ ಬಡಿಸಲು ಹೇಳಿದರು. ಅಜ್ಜಿ ಅದನ್ನೊಮ್ಮೆ ನೋಡಿ ಅರಬಿಯಲ್ಲಿ ಕೇಳಿದರು: "ನನ್ನ ತಟ್ಟೆಗಳೆಲ್ಲ ಒಡೆದುಹೋದವೇ?"

ಗಂಡ ಗಾಬರಿಯಿಂದ ಕಂಬಳಿಯ ಗಂಟನ್ನು ಹಸುಗೂಸಿನಂತೆ ಎತ್ತಿ ತಂದು ಬಿಚ್ಚಿದರು. ಅಜ್ಜಿಗೆ ಸಿಟ್ಟೇ ಬಂತು.

"ನಲವತ್ತು ವರ್ಷ ನನ್ನ ಗಂಡ ಇದನ್ನು ಮುಟ್ಟಲು ಬಿಡಲಿಲ್ಲ. ನೀವಾದರೂ ಇದರಲ್ಲಿ ಉಣ್ಣಿ ಎಂದು ಕೊಟ್ಟರೆ, ನೀನೂ ಅವನ ಹಾಗೆಯೇ!"

ತಾವೇ ಒಂದು ತಟ್ಟೆ ಹಿಡಿದು ತೊಳೆಯಲು ಅಡುಗೆಮನೆಗೆ ನಡೆದರು. ಅಲ್ಲಿ ಹಿಟ್ಟು ಉಕ್ಕಿ, ಮುಚ್ಚಳವನ್ನು ಎತ್ತಿ, ಗುಲಾಬಿಗಳ ಮೇಲೆ ಇಳಿಯುತ್ತಿತ್ತು. ಗಂಡ ನನ್ನನ್ನು ದುರುಗುಟ್ಟಿ ನೋಡಿದರು. ಅಜ್ಜಿ ಬೆರಳದ್ದಿ ರುಚಿ ನೋಡಿದರು.

"ಏನಿದು?"

"ಆವಿಯಲ್ಲಿ ಬೇಯಿಸುವ ರೊಟ್ಟಿ" ಎಂದೆ, ನನ್ನ ಹರಕು ಅರಬಿಯಲ್ಲಿ.

"ಯಲ್ಲಾ, ಬೇಗ ಬೇಯಿಸು!"

ಕೋಳಿ ಸುಕ್ಕದೊಂದಿಗೆ ಏಳು ಇಡ್ಲಿ ತಿಂದರು. ಏಳುವಾಗ ಅವರ ತೋಳಿನ ಬಟ್ಟೆಗೆ ಸಿಕ್ಕಿ ಒಂದು ತಟ್ಟೆ ನೆಲಕ್ಕೆ ಬಿದ್ದು ಚೂರಾಯಿತು. ಗಂಡ ಕಣ್ಣು ಮುಚ್ಚಿಕೊಂಡರು. ಅಜ್ಜಿ ಹೊಟ್ಟೆ ಹಿಡಿದು ನಕ್ಕರು.

ಅವರು ಹೋದ ಮೇಲೆ ಗಂಡ ಚೂರುಗಳಿಗೆ ಅಂಟು ಹಚ್ಚುತ್ತ ಎರಡು ಗಂಟೆ ಕೂತರು. ತಟ್ಟೆ ಅಂಟಲಿಲ್ಲ, ಅವರ ಎರಡು ಬೆರಳು ಅಂಟಿದವು. ಬಿಡಿಸಲು ನಾನು ನೀರು ಕಾಯಿಸಬೇಕಾಯಿತು.